ದೋಣಿಯ ಅಡಿಯವರು

ಸೆಪ್ಟೆಂಬರ್ 16

ದೇವರಾಜ ಕಡಲಿಗೆ ಹೋಗಿ ಇಂದಿಗೆ ಐದನೇ ದಿನ. ಯಾರು ಯಾವಾಗ ಏನು ಹೇಳಿದರು ಎಂಬುದು ತಲೆಯಲ್ಲಿ ಕಲಸಿಹೋಗುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಅವನು ಬಂದ ಮೇಲೆ ಓದಿ ಹೇಳಬೇಕು. ತನ್ನ ಸುದ್ದಿ ತಾನೇ ಕೇಳುವುದೆಂದರೆ ಅವನಿಗೆ ಬಹಳ ಖುಷಿ.

ನಡೆದದ್ದು ಇಷ್ಟು. ಹನ್ನೆರಡನೇ ತಾರೀಖು ಬೆಳಿಗ್ಗೆ ದೇವರಾಜ ಮತ್ತು ಅವನ ಜೊತೆ ಬಲೆ ಎಳೆಯುವ ನಾಗ ನಮ್ಮ ದೋಣಿ ತೆಗೆದುಕೊಂಡು ಬಲೆ ಬಿಡಲು ಹೋದರು. ಮಧ್ಯಾಹ್ನ ಗಾಳಿ ಎದ್ದು ದೋಣಿ ಮಗುಚಿತು. ಮರುದಿನ ಭಟ್ಕಳದ ಬೋಟಿನವರಿಗೆ ನಾಗ ಒಬ್ಬನೇ ಸಿಕ್ಕ. ಖಾಲಿ ಡೀಸೆಲ್ ಕ್ಯಾನ್ ತಬ್ಬಿಕೊಂಡು ತೇಲುತ್ತಿದ್ದನಂತೆ. ದಡಕ್ಕೆ ತಂದು ಇಳಿಸಿದಾಗ ಅವನು ಹೇಳಿದ್ದು ಒಂದೇ ಮಾತು: "ದೇವರಾಜಣ್ಣ ದೋಣಿ ಬೆನ್ನ ಹಿಡ್ಕಂಡಿದ್ದ. ನಾನೇ ದೂರ ಹೋದೆ."

ಮಗುಚಿದ ಫೈಬರ್ ದೋಣಿ ಬೇಗ ಮುಳುಗುವುದಿಲ್ಲ. ತೇಲುವ ವಸ್ತುಗಳ ಪಾಠವನ್ನು ನಾನೇ ಒಂಬತ್ತನೇ ತರಗತಿಗೆ ಮಾಡುತ್ತೇನೆ. ಅದನ್ನೇ ಎಲ್ಲರಿಗೂ ಹೇಳುತ್ತಿದ್ದೇನೆ. ತಲೆ ಆಡಿಸುತ್ತಾರೆ, ಮುಖ ನೋಡುವುದಿಲ್ಲ.

ಕೋಸ್ಟ್ ಗಾರ್ಡಿನವರು ಹುಡುಕುತ್ತಿದ್ದಾರೆ. ಪಕ್ಕದ ಮನೆಯ ಅಜಯಣ್ಣ ತನ್ನ ದೋಣಿಯಲ್ಲಿ ನೇತ್ರಾಣಿ ದ್ವೀಪದ ತನಕ ಹೋಗಿ ಬಂದರು. ಅತ್ತೆ ಒಲೆ ಮುಂದೆ ಕೂತಿದ್ದಾರೆ. ಅಳುವುದಿಲ್ಲ, ಮಾತಿಲ್ಲ. ನಾನು ಕುಮಟೆಯವಳು, ಅಪ್ಪ ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದರು. ದೇವರಾಜನನ್ನು ಮದುವೆಯಾಗಿ ಮಾವಿನಕುರ್ವೆಗೆ ಬಂದು ಒಂಬತ್ತು ವರ್ಷವಾದರೂ ಈ ಮನೆಯ ಮೌನ ನನಗೆ ಅರ್ಥವಾಗಿಲ್ಲ.

ಸೆಪ್ಟೆಂಬರ್ 18

ಬೆಳಿಗ್ಗೆ ಬಚ್ಚಲಿಗೆ ಹೋದಾಗ ಹಂಡೆಯ ಹಿಂದೆ ಏನೋ ಅಲ್ಲಾಡಿತು. ಸಿಗಡಿ ಎಂದುಕೊಂಡೆ. ಬಗ್ಗಿ ನೋಡಿದರೆ ಅದು ಎರಡು ಕಾಲಿನ ಮೇಲೆ ನಿಂತಿತ್ತು. ನನ್ನ ನಡುಬೆರಳಿನಷ್ಟು ಎತ್ತರ. ಮೈ ಚಿಪ್ಪಿನ ಒಳಭಾಗದ ಹಾಗೆ ನೀಲಿ ಮಿಶ್ರಿತ ಬಿಳಿ. ಕೈಗೆ ನಾಲ್ಕು ಬೆರಳು, ಕಿವಿ ಇಲ್ಲ. ಮುಖ ಮಾತ್ರ ಮುದುಕರದು, ಬಹಳ ದೂರ ನಡೆದು ಬಂದ ಮುದುಕರದು. ಡೀಸೆಲ್ ಮತ್ತು ಒದ್ದೆ ಹಗ್ಗದ ವಾಸನೆ ಬರುತ್ತಿತ್ತು.

ಕೂಗಲಿಲ್ಲ. ಅತ್ತೆಯನ್ನು ಕರೆದೆ. ಅವರು ಬಾಗಿಲಲ್ಲೇ ನಿಂತು ಕೇಳಿದರು:

"ಬಂತಾ? ಎಷ್ಟು?"

"ಎಂತದು ಅತ್ತೆ ಇದು?"

"ಎಷ್ಟು ಬಂತು ಹೇಳು."

"ಒಂದು."

"ಒಂದೇಯಾ. ಆತು," ಎಂದು ಒಳಗೆ ಹೋಗಿ, ತೆಂಗಿನ ಕರಟದಲ್ಲಿ ಗಂಜಿಯ ತಿಳಿ ತಂದಿಟ್ಟರು. ಅದು ಮೊಣಕಾಲೂರಿ ಬೊಗಸೆಯಲ್ಲಿ ಎತ್ತಿ ಕುಡಿಯಿತು. ಕುಡಿದು ಮುಗಿಸಿ ಸೋರುವ ನಲ್ಲಿಯ ಕೆಳಗೆ ಹೋಗಿ, ಪೈಪಿನ ಬಿರುಕಿಗೆ ಬೆನ್ನು ಕೊಟ್ಟು ಕೂತಿತು. ಸೋರುವುದು ನಿಂತಿತು.

ಸೆಪ್ಟೆಂಬರ್ 19

ಅತ್ತೆಯ ಬಾಯಿಂದ ತುಂಡು ತುಂಡಾಗಿ ಹೊರಬಂದದ್ದು ಇದು.

ಇವು ದೋಣಿಯ ಅಡಿಯವರು. ಪ್ರತಿ ದೋಣಿಗೂ ಏಳು. ಮರದ ದೋಣಿ ಇದ್ದಾಗ ಹಲಗೆಯ ಸಂದಿನಲ್ಲಿ ಇದ್ದವು, ಈಗ ಫೈಬರಿನ ಎರಡು ಪದರದ ನಡುವೆ, ಐಸ್ ಪೆಟ್ಟಿಗೆಯ ಕೆಳಗೆ. ನೀರು ಒಸರುವ ಕಡೆ ಬೆನ್ನು ಕೊಡುವುದೇ ಅವುಗಳ ಕೆಲಸ. ಆಗಸ್ಟಿನಲ್ಲಿ ಕಡಲಿಗೆ ಇಳಿಯುವ ಮೊದಲ ದಿನ ಮನೆಯ ಹೆಂಗಸು ದೋಣಿಯೊಳಗೆ ಇಡುವ ಗಂಜಿ ಅವುಗಳಿಗೇ. ಈ ವರ್ಷ ಅತ್ತೆಗೆ ಮೊಣಕಾಲು ನೋವು ಇದ್ದುದರಿಂದ ನಾನು ಇಟ್ಟಿದ್ದೆ. ಪೂಜೆಯ ಪದ್ಧತಿ ಎಂದುಕೊಂಡಿದ್ದೆ.

ದೋಣಿ ಮಗುಚಿದರೆ ಅವು ಒಂದೊಂದಾಗಿ ಗಂಜಿ ಇಟ್ಟ ಮನೆಗೆ ಬರುತ್ತವೆ. ಆರು ಬರುತ್ತವೆ. ಏಳನೆಯದು ದೋಣಿಯಲ್ಲೇ ಉಳಿಯುತ್ತದೆ. ದೋಣಿ ತಳ ಸೇರುವ ತನಕ ಅದು ಬಿಟ್ಟು ಬರುವುದಿಲ್ಲ.

"ಹಾಗಾದ್ರೆ ಏಳನೇದು ಬರೂ ತನಕ ದೋಣಿ ತೇಲ್ತಾ ಇರ್ತದೆ?" ಎಂದೆ.

"ಹೌದು."

"ಮತ್ತೆ ಇಷ್ಟು ದಿನ ನಂಗೆ ಎಂತಕ್ಕೆ ಯಾರೂ ಹೇಳ್ಲಿಲ್ಲ?"

"ಹೇಳೂ ಹೊತ್ತು ಬರ್ದೇ ಇರ್ಲಿ ಅಂತ."

ಸೆಪ್ಟೆಂಬರ್ 21

ಮಹಾಲಯ ಅಮಾವಾಸ್ಯೆ. ಇನ್ನೂ ಎರಡು ಬಂದವು. ಒಂದು ಬಾವಿಕಟ್ಟೆಯ ಮೇಲೆ ಕೂತಿತ್ತು. ಇನ್ನೊಂದು ಒಗೆಯುವ ಕಲ್ಲಿನ ಕೆಳಗೆ ಪಾಚಿ ಹೊದ್ದು ಮಲಗಿತ್ತು. ಒಟ್ಟು ಮೂರು.

ಬೆಳಿಗ್ಗೆ ಎದ್ದು ಮೊದಲು ಮನೆಯ ಒದ್ದೆ ಮೂಲೆಗಳನ್ನೆಲ್ಲ ಹುಡುಕುತ್ತೇನೆ, ಒಂದೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕುತ್ತೇನೆ.

ಸೆಪ್ಟೆಂಬರ್ 24

ದಸರಾ ರಜೆ. ಶಾಲೆಯಾದರೂ ಇದ್ದಿದ್ದರೆ ಎನ್ನಿಸುತ್ತದೆ. ಕೈಗೆ ಕೆಲಸ ಬೇಕು, ಅದಕ್ಕೇ ಅಡಿಯವರನ್ನು ಗಮನಿಸಿ ಬರೆಯುತ್ತಿದ್ದೇನೆ. ವಿಜ್ಞಾನದ ಟೀಚರಿಗೆ ಇನ್ನೇನು ಗೊತ್ತು?

ಈಗ ಐದು ಇವೆ. ದೊಡ್ಡ ಬೋಗುಣಿಯಲ್ಲಿ ನದಿ ಕಡಲಿಗೆ ಸೇರುವ ಅಳಿವೆಯ ಉಪ್ಪುನೀರು ತುಂಬಿಸಿ, ಕಲ್ಲು, ಹಳೆ ಬಲೆಯ ತುಂಡು ಹಾಕಿ ಇಟ್ಟಿದ್ದೇನೆ. ಬಲೆಯ ಮೇಲೆ ಒತ್ತಾಗಿ ಒಂದೇ ಸಾಲಿನಲ್ಲಿ ಮಲಗುತ್ತವೆ, ಒಂದರ ಎದೆ ಇನ್ನೊಂದರ ಬೆನ್ನಿಗೆ. ಆಹಾರ ಗಂಜಿ ತಿಳಿ ಮಾತ್ರ. ಬಂಗಡೆ ಮೀನಿನ ಚೂರು ಕೊಟ್ಟೆ, ಮೂಸಿ ನೋಡಿ ಹಿಂದೆ ಸರಿದವು. ಮಾತಿಲ್ಲ. ಬೋಗುಣಿಯ ಅಂಚನ್ನು ಬೆರಳ ಗಂಟಿನಿಂದ ಕುಟ್ಟುತ್ತವೆ. ಉಬ್ಬರ ಏರುವ ಹೊತ್ತಿಗೆ ಎಲ್ಲವೂ ಎದ್ದು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತವೆ, ಇಳಿತ ಶುರುವಾದ ಕೂಡಲೇ ಕೂರುತ್ತವೆ. ನಾನು ಗಡಿಯಾರ ಹಿಡಿದು ನೋಡಿದೆ, ನಾಲ್ಕು ನಿಮಿಷವೂ ತಪ್ಪಲಿಲ್ಲ.

ಒಸರು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಒಡೆದ ಕೊಡಪಾನ, ಅಡುಗೆಮನೆಯ ಸಿಂಕಿನ ಪೈಪು, ಎಲ್ಲಕ್ಕೂ ಬೆನ್ನು. ಬೆನ್ನು ಮಾತ್ರ ಗಟ್ಟಿ, ದಪ್ಪ, ಹಿಮ್ಮಡಿಯ ಚರ್ಮದ ಹಾಗೆ. ದೇವರಾಜನಿಗೆ ಇದನ್ನೆಲ್ಲ ಓದಿ ಹೇಳಿದರೆ ನಗುತ್ತಾನೆ. ಇಷ್ಟು ವರ್ಷ ಅವನಿಗೆ ಗೊತ್ತಿದ್ದೂ ನನಗೆ ಹೇಳಲಿಲ್ಲವಲ್ಲ, ಅದಕ್ಕೆ ಮೊದಲು ಜಗಳ ಮಾಡಬೇಕು.

ಸೆಪ್ಟೆಂಬರ್ 27

ಹುಡುಕಾಟ ನಿಲ್ಲಿಸಿದರು. ಇಬ್ಬರು ಬಂದು ಬಹಳ ಮರ್ಯಾದೆಯಿಂದ ಹೇಳಿ ಹೋದರು. ಚಹಾ ಕೊಟ್ಟೆ. ಸಕ್ಕರೆ ಸರಿ ಇದೆಯಾ ಎಂದು ಕೇಳಿದೆ. ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಕೂತು ಅತ್ತುಬಿಟ್ಟೆ. ಈ ಹದಿನೈದು ದಿನದಲ್ಲಿ ಮೊದಲ ಸಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಭುಜದ ಮೇಲೆ ತಣ್ಣಗಾಯಿತು. ಅಡಿಯವರಲ್ಲಿ ಒಂದು ಸೀರೆ ಹಿಡಿದು ಮೇಲೆ ಹತ್ತಿತ್ತು. ಕೆನ್ನೆಯ ಮೇಲೆ ಕಾಲೂರಿ, ನನ್ನ ಕಣ್ಣಿನ ಕೆಳಗೆ ಬೆನ್ನು ಕೊಟ್ಟು ಒತ್ತಿ ನಿಂತಿತು. ಅದರ ಉಸಿರಾಟ ಚರ್ಮಕ್ಕೆ ತಿಳಿಯುತ್ತಿತ್ತು. ಪಾಪ, ಅದಕ್ಕೆ ಗೊತ್ತಿರುವುದು ಅದೊಂದೇ ಕೆಲಸ.

ಅಳು ನಿಲ್ಲಿಸಿದೆ. ನಾನು ನಿಲ್ಲಿಸದೆ ಅದು ಇಳಿಯುವ ಹಾಗಿರಲಿಲ್ಲ.

ಅಕ್ಟೋಬರ್ 1

ಆರನೆಯದು ಬಂತು. ಎಲ್ಲಕ್ಕಿಂತ ಚಿಕ್ಕದು, ಕಿರುಬೆರಳಿನಷ್ಟು. ಬಾಗಿಲ ಹೊಸ್ತಿಲಿನ ಹೊರಗೆ ಒಳಗೆ ಬರಲಾರದೆ ಬಿದ್ದಿತ್ತು.

ಇನ್ನು ಒಂದೇ. ಅದು ಅಲ್ಲಿದೆ. ದೋಣಿ ತೇಲುತ್ತಿದೆ.

ಅಮ್ಮ ಕುಮಟೆಯಿಂದ ಫೋನು ಮಾಡಿ, "ಸ್ವಲ್ಪ ದಿನ ಬಂದು ಹೋಗು," ಎಂದಳು. ಆಗುವುದಿಲ್ಲ ಎಂದೆ. ಕಾರಣ ಹೇಳಲು ಆಗಲಿಲ್ಲ.

ಅಕ್ಟೋಬರ್ 3

ಅತ್ತೆ ನಿನ್ನೆ ಹೇಳಿದ್ದನ್ನು ಬರೆಯಲು ಇವತ್ತಿನ ತನಕ ಕೈ ಏಳಲಿಲ್ಲ.

ದಡದಲ್ಲಿ ಅಡಿಯವರು ಬಹಳ ದಿನ ಬದುಕುವುದಿಲ್ಲ. ದೋಣಿ ಮಗುಚಿದ ಮೇಲೆ ಒಂದು ಅಮಾವಾಸ್ಯೆ, ಒಂದು ಹುಣ್ಣಿಮೆ ತಡೆಯುತ್ತವೆ. ಎರಡನೇ ಅಮಾವಾಸ್ಯೆಯನ್ನು ನೋಡುವುದಿಲ್ಲ. ಅದರೊಳಗೆ ಬೇರೆ ದೋಣಿಗೆ ಸೇರಿಸಬೇಕು. ಆದರೆ ಸುಮ್ಮನೆ ಬಿಟ್ಟರೆ ನಿಲ್ಲುವುದಿಲ್ಲ, ಗಂಜಿ ಇಟ್ಟವಳು ಬಾಯಿಬಿಟ್ಟು ಹೇಳಬೇಕು: ನಮ್ಮ ದೋಣಿ ಮುಗೀತು, ಇನ್ನು ಇದು ನಿಮ್ಮ ಮನೆ.

"ಆ ಮಾತು ಹೇಳಿದ್ರೆ ಏಳನೇದು?" ಎಂದು ಕೇಳಿದೆ.

ಅತ್ತೆ ಒಲೆಯ ಬೂದಿ ಕೆದಕಿದರು. "ಎಲ್ಲಿದ್ರೂ ಅದ್ಕೆ ಕೇಳ್ತದೆ. ಅದೂ ಬಿಟ್ಟು ಬತ್ತದೆ."

ಅಂದರೆ ಬೆನ್ನು ತೆಗೆಯುತ್ತದೆ. ಅಂದರೆ ದೋಣಿ ಮುಳುಗುತ್ತದೆ. ದೋಣಿಯ ಬೆನ್ನು ಹಿಡಿದವನ ಕೈಗೆ ಏನೂ ಉಳಿಯುವುದಿಲ್ಲ.

"ಹೇಳು ಸುಷ್ಮಾ," ಎಂದರು ಅತ್ತೆ. "ದೀಪಾವಳಿ ಅಮಾಸೆ ಒಳಗೆ ಹೇಳು."

ನಾನು ಎದ್ದು ಹೋದೆ. ಹೆತ್ತ ತಾಯಿ ಇವರು.

ಅಕ್ಟೋಬರ್ 5

ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡೆ. ಆ ಮಾತು ಹೇಳದೆ ಕೊಟ್ಟು ನೋಡುವುದು. ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಆರನ್ನೂ ಇಟ್ಟುಕೊಂಡು ಅಜಯಣ್ಣನ ದೋಣಿಯ ಹತ್ತಿರ ಹೋದೆ. ಅವರು ಬಲೆ ಹೊಲಿಯುತ್ತಿದ್ದರು. ಬುಟ್ಟಿ ನೋಡಿದ ಕೂಡಲೇ ಎದ್ದು ನಿಂತು ತಲೆಗೆ ಕಟ್ಟಿದ ಟವೆಲ್ ಬಿಚ್ಚಿದರು.

"ಇಲ್ಲೇ ಸ್ವಲ್ಪ ದಿನ ಇರ್ಲಿ ಅಜಯಣ್ಣ. ದೇವರಾಜ ಬಂದ ಮೇಲೆ ವಾಪಸ್ ತಕಂಡು ಹೋಗ್ತೆ."

"ಟೀಚರ್, ಇರೂದಾದ್ರೆ ಇರ್ಲಿ, ನಂದೆಂತದೂ ಅಡ್ಡಿಯಿಲ್ಲ. ಆದ್ರೆ ಬಾಯಿಬಿಟ್ಟು ಹೇಳ್ದೆ ಅವು ನಿಲ್ಲೂದಿಲ್ಲ."

ದೋಣಿಯೊಳಗೆ ಇಳಿಸಿದೆ. ಐಸ್ ಪೆಟ್ಟಿಗೆಯ ಕೆಳಗಿನಿಂದ ಅಲ್ಲಿಯ ಏಳು ಹೊರಗೆ ಬಂದು ನೋಡಿದವು. ನಮ್ಮವು ಆರೂ ಮಧ್ಯದಲ್ಲಿ ಗುಂಪಾಗಿ, ಬೇರೆಯವರ ಮನೆಯ ಮದುವೆಗೆ ಕರೆಯದೆ ಬಂದವರ ಹಾಗೆ ನಿಂತಿದ್ದವು.

ಅಕ್ಟೋಬರ್ 6

ಮಧ್ಯಾಹ್ನದೊಳಗೆ ಆರೂ ವಾಪಸ್. ಬಿಸಿ ಮರಳಿನಲ್ಲಿ ನಡೆದು ಬಂದಿವೆ. ಕಾಲಡಿ ಸುಲಿದಿದೆ. ಚಿಕ್ಕದನ್ನು ದೊಡ್ಡದು ಹೊತ್ತುಕೊಂಡಿತ್ತು.

ನಾನು ಎಂಥ ಹೆಂಗಸು.

ಅಕ್ಟೋಬರ್ 8

ಶಾಲೆ ಶುರುವಾಯಿತು. ಹೊನ್ನಾವರದ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಹೆದರಿಕೆಯೋ, ಮರ್ಯಾದೆಯೋ ಗೊತ್ತಿಲ್ಲ. ಊಟದ ಚೀಲ ತೆಗೆದರೆ ಒಳಗೆ ಅಡಿಯವರಲ್ಲಿ ಒಂದು ಇತ್ತು, ಕಣ್ಣಿನ ಕೆಳಗೆ ಬೆನ್ನು ಕೊಟ್ಟದ್ದೇ. ನನಗೆ ತಿಳಿಯದೆ ಹತ್ತಿ ಬಂದಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಒದ್ದೆ ಕರವಸ್ತ್ರದ ಮೇಲೆ ಇಟ್ಟು, ಕದಲಬೇಡ ಎಂದು ಹೇಳಿ ತರಗತಿಗೆ ಹೋದೆ.

ಸ್ಟಾಫ್ ರೂಮಿನ ನಲ್ಲಿ ಎರಡು ವರ್ಷದಿಂದ ಸೋರುತ್ತದೆ. ಅದು ನನ್ನ ನೆನಪಿಗೆ ಬರಲಿಲ್ಲ.

ನಾಲ್ಕು ಪೀರಿಯಡ್ ಮುಗಿಸಿ ಬಂದಾಗ ಮಾಲಿನಿ ಟೀಚರ್ ಹೇಳಿದರು, "ನಲ್ಲಿ ರಿಪೇರಿ ಯಾರು ಮಾಡಿದ್ರೋ, ನಿಂತೇ ಹೋಯ್ತಲ್ಲ." ಬಗ್ಗಿ ನೋಡಿದೆ. ನಲ್ಲಿಯ ಬುಡದಲ್ಲಿ ಬೆನ್ನು ಒತ್ತಿ ಹಾಗೇ ಇತ್ತು. ಸಿಹಿನೀರಿನಲ್ಲಿ ಮೂರು ತಾಸು. ಮೈ ಬೆಳ್ಳಗೆ, ನೆನೆದ ಕಾಗದದ ಹಾಗೆ ಆಗಿತ್ತು. ಎತ್ತಿಕೊಂಡಾಗ ನನ್ನನ್ನು ನೋಡಿ, ಮತ್ತೆ ನಲ್ಲಿಯನ್ನು ನೋಡಿತು. ತಾನು ಬಿಟ್ಟರೆ ಸೋರುತ್ತದಲ್ಲ ಎಂಬ ಹಾಗೆ.

ಅಕ್ಟೋಬರ್ 9

ಬೆಳಿಗ್ಗೆ ಅದು ಸತ್ತಿತು. ಅತ್ತೆ ಬಾಳೆಲೆಯ ತುಂಡಿನಲ್ಲಿ ಇಟ್ಟು, ಮೊಣಕಾಲು ನೋವಿನಲ್ಲೇ ಅಳಿವೆಯ ತನಕ ನಡೆದು, ಇಳಿತದ ನೀರಿಗೆ ಬಿಟ್ಟು ಬಂದರು. ನಾನು ಹೋಗಲಿಲ್ಲ. ಉಳಿದ ಐದು ಬೋಗುಣಿಯಲ್ಲಿ ಸಾಲಾಗಿ ಮಲಗಿದ್ದವು. ಮಧ್ಯದಲ್ಲಿ ಒಂದರಷ್ಟು ಜಾಗ ಖಾಲಿ ಬಿಟ್ಟಿದ್ದವು.

ಅಕ್ಟೋಬರ್ 11

ಏನೂ ಇಲ್ಲ.

ಅಕ್ಟೋಬರ್ 12

ಇವತ್ತಿಗೆ ಮೂವತ್ತು ದಿನ. ನೀರಿಲ್ಲದೆ ಮನುಷ್ಯ ಮೂರು ದಿನ. ಇದೂ ಪಾಠದಲ್ಲಿದೆ. ಮಳೆ ಬಂದಿರಬಹುದು. ಕ್ಯಾನಿನಲ್ಲಿ ನೀರಿದ್ದಿರಬಹುದು. ಲಕ್ಷದ್ವೀಪದ ಕಡೆಯ ಹಡಗು ಎತ್ತಿಕೊಂಡಿರಬಹುದು, ಅಲ್ಲಿ ಸಿಗ್ನಲ್ ಇರುವುದಿಲ್ಲ. ಇರಬಹುದು.

ಅಕ್ಟೋಬರ್ 14

ಇನ್ನೊಂದು ಹೋಯಿತು. ಚಿಕ್ಕದನ್ನು ಹೊತ್ತು ಬಂದದ್ದು.

ಇವತ್ತು ಅತ್ತೆಯ ಜೊತೆ ಜಗಳವಾಯಿತು. ಒಂಬತ್ತು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದಿಲ್ಲ. "ನಿಮಗೆ ಮಗ ಬೇಡವಾ? ಈ ಬೆರಳುದ್ದದ ಹುಳಕ್ಕೆ ಮಗನ್ನ ಕೊಡ್ತೀರಾ?" ಎಂದುಬಿಟ್ಟೆ. ಹುಳ ಎಂದೆ. ಬೋಗುಣಿಯಲ್ಲಿದ್ದ ನಾಲ್ಕೂ ತಲೆ ಎತ್ತಿದವು.

ಅತ್ತೆ ಒಲೆಗೆ ಕಟ್ಟಿಗೆ ಹಾಕಿದರು. ಆಮೇಲೆ ನಿಧಾನಕ್ಕೆ ಹೇಳಿದರು.

"ದೇವರಾಜ ಹೊಟ್ಟೇಲಿ ಇದ್ದಾಗ ಮಾಸ್ತಿ ಕಡಲಿಗೆ ಹೋಗಿ ಬರ್ಲಿಲ್ಲ." ಮಾಸ್ತಿ ಎಂದರೆ ನನ್ನ ಮಾವ, ಗೋಡೆಯ ಫೋಟೋದಲ್ಲಿ ಮಾತ್ರ ನೋಡಿದ್ದೇನೆ. "ಆರು ಬಂದ್ವು. ನನ್ನತ್ತೆ ಹೇಳು ಹೇಳು ಅಂತು. ನಾ ಹೇಳ್ಲಿಲ್ಲ. ಬಾಯಿ ಹೊಲ್ಕಂಡು ಕೂತೆ. ಆರೂ ಈ ಒಲೆ ಮುಂದೇ ಒಣಗಿ ಹೋದ್ವು, ಒಂದೊಂದೇ. ಏಳನೇದು ಬರ್ಲೇ ಇಲ್ಲ. ಮಾಸ್ತಿನೂ ಬರ್ಲಿಲ್ಲ. ಅದು ಈಗ್ಲೂ ಎಲ್ಲೋ ಹಲ್ಗೆಗೆ ಬೆನ್ನು ಕೊಟ್ಕಂಡು ಕೂತದೆ ಅಂತ ಅನ್ನಿಸ್ತದೆ ನಂಗೆ. ನಲವತ್ತು ವರ್ಷ ಆತು. ಉಂಬೂಕೆ ಕೂತಾಗೆಲ್ಲ ಅನ್ನಿಸ್ತದೆ."

ಅವರಿಗೆ ಚಹಾ ಮಾಡಿ ಕೊಟ್ಟೆ. ಕುಡಿಯಲಿಲ್ಲ. ಆರಿದ ಮೇಲೆ ನಾನೇ ಕುಡಿದೆ.

ಅಕ್ಟೋಬರ್ 16

ಶಾಲೆಗೆ ರಜೆ ಹಾಕಿದೆ. ಚಿಕ್ಕದಕ್ಕೆ ತಲೆ ಎತ್ತಲು ಆಗುತ್ತಿಲ್ಲ. ಹತ್ತಿಯ ಬತ್ತಿಯನ್ನು ಗಂಜಿಯಲ್ಲಿ ಅದ್ದಿ ತುಟಿಗೆ ಹಿಂಡುತ್ತೇನೆ, ಅರ್ಧ ಹೊರಗೆ ಹರಿಯುತ್ತದೆ. ಬೆನ್ನು ಬಿರುಕು ಬಿಟ್ಟಿದೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಉಬ್ಬರ ಬಂದಾಗ ಉಳಿದ ಮೂರು ಎದ್ದು ನಿಂತವು. ಇದು ಮಲಗಿದಲ್ಲೇ ಪಡುವಣಕ್ಕೆ ಹೊರಳಿತು.

"ಇನ್ನು ನಾಲ್ಕು ದಿನ ತಡ್ಕೊ," ಎಂದು ಅದಕ್ಕೆ ಹೇಳುತ್ತಿದ್ದೆ. ಬಹಳ ಸಲ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ದನಿ ನನಗೇ ಕೇಳಿಸಿತು. ನಾಲ್ಕು ದಿನ ಆದ ಮೇಲೆ ಎಂತ? ಅಮಾವಾಸ್ಯೆ. ಅದರಾಚೆ ಇವಕ್ಕೆ ಏನೂ ಇಲ್ಲ. ಇವು ಸಾಯಲಿ, ನನ್ನ ಬಾಯಿ ಮುಚ್ಚಿರಲಿ ಎಂದು ನಾನು ಇವುಗಳನ್ನೇ ಬೇಡಿಕೊಳ್ಳುತ್ತಿದ್ದೆ.

ದೇವರಾಜನಿಗೆ ಮೀನು ಬಿಟ್ಟರೆ ಬೇರೆ ಜೀವ ಕೊಲ್ಲಲು ಆಗುತ್ತಿರಲಿಲ್ಲ. ಜಿರಲೆ ಕಂಡರೂ ನನ್ನನ್ನೇ ಕರೆಯುತ್ತಿದ್ದ. ಅಷ್ಟು ದೊಡ್ಡ ಆಳು, ಚಪ್ಪಲಿ ನನ್ನ ಕೈಗೆ ಕೊಟ್ಟು ಬಾಗಿಲ ಹೊರಗೆ ನಿಲ್ಲುತ್ತಿದ್ದ.

ಸಂಜೆ ಅತ್ತೆಗೆ ಹೇಳಿದೆ, "ನಾಡಿದ್ದು ಹೋಗ್ತೆ." ಅತ್ತೆ ಎಲ್ಲಿಗೆ ಎಂದು ಕೇಳಲಿಲ್ಲ.

ಅಕ್ಟೋಬರ್ 18

ಕ್ರಮವಾಗಿ ಬರೆಯಬೇಕು.

ಅಜಯಣ್ಣನ ದೋಣಿಯಲ್ಲಿ ಈಗಾಗಲೇ ಏಳು ಇರುವುದರಿಂದ ಅಲ್ಲಿ ಜಾಗವಿಲ್ಲ. ಅವರು ತಮ್ಮ ಅಳಿಯನಿಗೆ ಹೊಸ ದೋಣಿ ಕಟ್ಟಿಸಿದ್ದಾರೆ, ಅದರಲ್ಲಿ ಇನ್ನೂ ಯಾರೂ ಇಲ್ಲ. ಹೊನ್ನಾವರದ ಕಾಸರಕೋಡು ದಡದಲ್ಲಿ ನಿಂತಿದೆ. ಆ ದೋಣಿಯಲ್ಲಿ ಹೋಗಲು ನಾಗನನ್ನು ಒಪ್ಪಿಸಿದ್ದಾರೆ ಎಂದು ನನಗೆ ಅಲ್ಲಿಗೆ ಹೋದ ಮೇಲೇ ಗೊತ್ತಾಯಿತು. ಆ ದಿನದ ನಂತರ ನಾಗ ನಮ್ಮ ಮನೆಗೆ ಬಂದಿರಲಿಲ್ಲ. ಅರ್ಧ ಆಳಾಗಿದ್ದ.

ಅತ್ತೆಯೂ ಬಂದರು, ರಿಕ್ಷಾದಲ್ಲಿ. ಬೆಳಿಗ್ಗೆ ಹತ್ತು ಗಂಟೆ, ಉಬ್ಬರ ಏರುತ್ತಿತ್ತು. ನಾಲ್ಕನ್ನೂ ಒಂದೊಂದಾಗಿ ಎತ್ತಿ ಹೊಸ ದೋಣಿಯ ತಳದಲ್ಲಿ ಇಟ್ಟೆ. ಚಿಕ್ಕದನ್ನು ಕೊನೆಗೆ. ಮತ್ತೆ ಗುಂಪಾಗಿ ನಿಂತು ನನ್ನ ಮುಖ ನೋಡಿದವು.

ಬಾಯಿ ತೆರೆದೆ. ಆ ಮಾತಿನ ಕೊನೆಯಲ್ಲಿ ಒಂದು ಕೈ ಜಾರುತ್ತದೆ, ಅದು ಕಣ್ಣಿಗೆ ಕಾಣುತ್ತಿತ್ತು. ಉಗುರಿನ ಸಮೇತ ಕಾಣುತ್ತಿತ್ತು. ಮತ್ತೆ ಉಸಿರು ಎಳೆದುಕೊಂಡು, "ನಮ್ಮ ದೋಣಿ," ಎಂದೆ.

"ಅತ್ತಿಗೆ, ತಡೀರಿ," ಎಂದ ನಾಗ. ಮಂಡಿಯುದ್ದ ನೀರಿನಲ್ಲಿ ನಿಂತಿದ್ದ. "ಹೇಳೂಕಿಂತ ಮುಂಚೆ ನನ್ನ ಮಾತು ಕೇಳಿ. ಇಲ್ದಿದ್ರೆ ನಾನೇ ಕೊಂದೆ ಅಂತ ಜೀವನಪೂರ್ತಿ ಅಂದ್ಕಂಡು ಇರ್ತೀರಿ."

ಅವನು ಹೇಳಿದ. ಬಲೆ ಇಂಜಿನ್ನಿನ ಫ್ಯಾನಿಗೆ ಸಿಕ್ಕಿಕೊಂಡಿತಂತೆ. ಬಿಡಿಸಲು ದೇವರಾಜ ಚೂರಿ ಹಿಡಿದು ನೀರಿಗೆ ಇಳಿದ. ಅಷ್ಟರಲ್ಲಿ ದೊಡ್ಡ ಅಲೆ ಬಂದು ದೋಣಿ ಅವನ ಮೇಲೇ ಮಗುಚಿತು. ಒಂದು ಸಲ ಮೇಲೆ ಬಂದ, ತಲೆಯಿಂದ ರಕ್ತ ಇಳಿಯುತ್ತಿತ್ತು. ತೇಲುತ್ತಿದ್ದ ಡೀಸೆಲ್ ಕ್ಯಾನನ್ನು ನಾಗನ ಕಡೆ ದೂಡಿ, "ಹಿಡ್ಕೊ," ಎಂದ. ಮತ್ತೆ ಮೇಲೆ ಬರಲಿಲ್ಲ.

"ದೋಣಿ ಬೆನ್ನ ಹಿಡ್ಕಂಡಿದ್ದ ಅಂದ್ಯಲ್ಲ?"

"ದಡಕ್ಕೆ ಬಂದಾಗ ದೇವರಾಜಣ್ಣನ ಅವ್ವ ಒಣ ಟವೆಲ್ ಹಿಡ್ಕಂಡು ನಿಂತಿತ್ತು. ಎರಡು ಟವೆಲ್. ನಂಗೊಂದು, ದೇವರಾಜಣ್ಣಗೊಂದು. ಅದ್ನ ನೋಡಿ ಬಾಯಿಗೆ ಹಾಗೆ ಬಂದ್ಹೋತು. ಮತ್ತೆ ತಿರುಗಿ ಹೇಳೂಕೆ ಆಗ್ಲಿಲ್ಲ."

"ಮೂವತ್ತಾರು ದಿನ, ನಾಗ," ಎಂದೆ.

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆಯ ಮುಖದಲ್ಲಿ ಹೊಸದಾಗಿ ಏನೂ ಆಗಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಅವ್ನ ಮುಖ ನೋಡ್ದಾಗ್ಲೇ ಗೊತ್ತಾತು. ನಿಂಗೆ ಹೇಳೂಕೆ ನಂಗೂ ಬಾಯಿ ಬರ್ಲಿಲ್ಲ."

ಅಲೆ ಬಂದು ದೋಣಿಯನ್ನು ಸ್ವಲ್ಪ ಎತ್ತಿ ಇಳಿಸಿತು. ತಳದಲ್ಲಿ ಎಲ್ಲೋ ಸಣ್ಣದಾಗಿ ನೀರು ಒಸರಲು ಶುರುವಾಯಿತು, ಹೊಸ ದೋಣಿಯಲ್ಲಿ ಹಾಗಾಗುತ್ತದಂತೆ. ಮೂವರು ಅಡಿಯವರು ಆ ಕಡೆ ನೋಡಿದರು, ನನ್ನ ಕಡೆ ನೋಡಿದರು. ಹೋಗಲಿಲ್ಲ. ನನ್ನ ಅಪ್ಪಣೆ ಬೇಕಿತ್ತು.

"ನಮ್ಮ ದೋಣಿ ಮುಗೀತು," ಎಂದೆ. "ಇನ್ನು ಇದು ನಿಮ್ಮ ಮನೆ."

ಜೋರಾಗಿ ಹೇಳಲಿಲ್ಲ. ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲೇ ಹೇಳಿದೆ. ಮೂವರೂ ಓಡಿದರು. ಚಿಕ್ಕವನು ತೆವಳಿಕೊಂಡು ಹೋದ. ನಾಲ್ವರೂ ಹೋಗಿ ಒಸರಿಗೆ ಬೆನ್ನು ಕೊಟ್ಟು ಕೂತರು.

ನಾಗನೂ ಅಜಯಣ್ಣನ ಅಳಿಯನೂ ದೋಣಿ ದೂಡಿದರು. ದೋಣಿ ಅಳಿವೆ ದಾಟುವ ತನಕ ನಾನೂ ಅತ್ತೆಯೂ ನಿಂತಿದ್ದೆವು. ನಾಗನ ಮೇಲೆ ಸಿಟ್ಟು ಬರಬೇಕಿತ್ತು. ಅವನು ದೋಣಿ ಹತ್ತುವಾಗ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದದ್ದನ್ನು ನೋಡಿದೆ. ಸಿಟ್ಟು ಬರಲಿಲ್ಲ, ಬೇರೆ ಏನೂ ಬರಲಿಲ್ಲ.

ಅಕ್ಟೋಬರ್ 20

ಅವನ ಅಂಗಿಗಳನ್ನು ಒಗೆದೆ. ಮೂವತ್ತೆಂಟು ದಿನದಿಂದ ಒಗೆಯದೆ ಇಟ್ಟಿದ್ದೆ.

ಅಕ್ಟೋಬರ್ 23

ಇವತ್ತು ಮಧ್ಯಾಹ್ನ ಏಳನೆಯವನು ಬಂದ.

ಅತ್ತೆಗೇ ಕಂಡಿದ್ದು. ಬಾವಿಯ ಬಳಿ ಬಗ್ಗಿ ನಿಂತು ಬಹಳ ಹೊತ್ತು ಏಳದಿದ್ದಾಗ ನಾನು ಓಡಿ ಹೋದೆ. ಅವನು ಉಳಿದವರಿಗಿಂತ ದೊಡ್ಡವನು, ವಯಸ್ಸಾದವನು. ಬೆನ್ನಿನ ದಪ್ಪ ಚರ್ಮ ಪೂರ್ತಿ ಸವೆದು, ಕೆಳಗಿನ ಎಳೆ ಚರ್ಮ ಕಾಣುತ್ತಿತ್ತು. ಮಗುಚಿದ ದೋಣಿಗೆ ಒಬ್ಬನೇ ಅಷ್ಟು ದಿನ ಬೆನ್ನು ಕೊಟ್ಟಿದ್ದಾನೆ. ಉಪ್ಪುನೀರಿನಲ್ಲಿ ತೊಳೆದೆ. ಕೈ ತಾಗಿದಾಗೆಲ್ಲ ಕಣ್ಣು ಮುಚ್ಚುತ್ತಿದ್ದ, ಆದರೆ ಕದಲಲಿಲ್ಲ. ನಾಗನಿಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಚಿಕ್ಕವನು ಎದ್ದು ಓಡಾಡುತ್ತಿದ್ದಾನಂತೆ.

ಅತ್ತೆ ಅವನನ್ನು ಅಂಗೈ ಮೇಲೆ ಇಟ್ಟುಕೊಂಡು ಜಗಲಿಯ ಚಿಟ್ಟೆಯ ಮೇಲೆ ಕೂತರು. ಮುಖದ ಹತ್ತಿರ ತಂದು, ಮಗುವಿನ ಹತ್ತಿರ ಕೇಳುವ ಹಾಗೆ ಕೇಳಿದರು.

"ನನ್ನ ಮಗ ಹೆದ್ರಿದ್ನಾ?"

ಅಡಿಯವರಿಗೆ ಮಾತಿಲ್ಲ ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೂ ಕಾದರು. ಅವನು ಅತ್ತೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೆಬ್ಬೆರಳಿನ ಬುಡಕ್ಕೆ ತಲೆ ಇಟ್ಟು ಮಗ್ಗುಲಾಗಿ ಮಲಗಿದ. ಒಂದೆರಡು ಉಸಿರಿನಲ್ಲಿ ನಿದ್ದೆ ಹೋದ. ಎಷ್ಟು ದಿನದ ನಿದ್ದೆಯೋ.

ಅತ್ತೆ ಕೈ ಅಲ್ಲಾಡಿಸಲಿಲ್ಲ. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಏಳದಿರಲಿ ಎಂದು ಶಬ್ದವಿಲ್ಲದೆ ಅಳುತ್ತಿದ್ದರು. ಬೋಗುಣಿ ತಂದಿಡಲೇ ಎಂದು ಕೇಳಿದರೆ ಬೇಡ ಎಂದು ತಲೆ ಆಡಿಸಿದರು.

ಬೆಳಿಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ. ಅನ್ನಕ್ಕೆ ಸಾರು ಹಾಕಿ ಕಲಸಿ ತಂದೆ. ಅವರ ಇನ್ನೊಂದು ಕೈ ಖಾಲಿಯೇ ಇತ್ತು. ಆದರೂ ಪಕ್ಕದಲ್ಲಿ ಕೂತು ನಾನೇ ತಿನ್ನಿಸಿದೆ. ಅತ್ತೆ ಬಾಯಿ ತೆರೆದರು.